ಕೀಲಿಕೈಗೆ ತಕ್ಕ ಬೀಗ

ಲೋಕದಲ್ಲಿ ಎಲ್ಲರೂ ಬೀಗಕ್ಕೆ ಕೀಲಿಕೈ ಮಾಡಿಸುತ್ತಾರೆ. ನಮ್ಮ ದೊಡ್ಡವ್ವ ಕೀಲಿಕೈಗೆ ಬೀಗ ಮಾಡಿಸುತ್ತಿದ್ದಳು. ಇದನ್ನು ಹೇಳಿದರೆ ಕೇಳಿದವರು ಒಂದು ಗಳಿಗೆ ನನ್ನ ಮುಖವನ್ನೇ ನೋಡುತ್ತಾರೆ. ವಂಶದಲ್ಲೇ ಏನೋ ಇರಬೇಕು ಎಂಬ ಅನುಮಾನ ಅವರಿಗೆ. ಇರಬಹುದು, ನಾನು ಇಲ್ಲವೆನ್ನುವುದಿಲ್ಲ. ಆದರೆ ದೊಡ್ಡವ್ವನ ಹುಚ್ಚಿಗೆ ಅದರದೇ ಒಂದು ಲೆಕ್ಕಾಚಾರವಿತ್ತು. ಅದು ತಿಳಿಯುವ ತನಕ ನಗಬೇಡಿ. ತಿಳಿದ ಮೇಲೆ ಬೇಕಾದರೆ ನಕ್ಕುಬಿಡಿ, ನಾವೂ ಬೇಕಾದಷ್ಟು ನಕ್ಕಿದ್ದೇವೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನನಗೆ ಕೊಟ್ಟೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ ಸಿಕ್ಕಿತ್ತು. ಹೆಣ್ಣುಮಗಳು ಪರ ಊರಿನಲ್ಲಿ ಒಬ್ಬಳೇ ಕೋಣೆ ಮಾಡಿಕೊಂಡು ಇರುವುದುಂಟೇ? ಅವ್ವ ನನ್ನನ್ನು ತನ್ನ ಅಕ್ಕನ ಮನೆಗೆ ಕಳಿಸಿದಳು. ಟ್ರಂಕು ಹೊತ್ತ ಹಮಾಲಿಯೊಂದಿಗೆ ಮನೆ ಮುಂದೆ ಬಂದು ನಿಂತು ಬಾಗಿಲು ಬಡಿಯಲು ಕೈ ಎತ್ತಿದ್ದೆ, ಇನ್ನೂ ತಾಗಿಸಿರಲಿಲ್ಲ. ಒಳಗಿನಿಂದ ದೊಡ್ಡವ್ವನ ದನಿ ಬಂತು.

"ಬಡಿಬ್ಯಾಡವಾ. ಹಿತ್ತಲಕ್ಕ ಬಾ."

ಹಿತ್ತಲಿಗೆ ಹೋಗಬೇಕೆಂದರೆ ಸಂದಿಯಲ್ಲಿ ಸುತ್ತಿ, ಎಮ್ಮೆ ದಾಟಿ, ಬೆರಣಿ ಕುಳ್ಳಿನ ಒಟ್ಟಿಲು ಬಳಸಿ ಹೋಗಬೇಕು. ಹಮಾಲಿ ಗೊಣಗಿದ. ನಾನು ದಾರಿಯುದ್ದಕ್ಕೂ ಯೋಚಿಸಿದೆ: ಮನೆಯಲ್ಲಿ ಯಾರಿಗೋ ಅಮ್ಮ ಎದ್ದಿರಬೇಕು, ಇಲ್ಲವೇ ಮುಂಬಾಗಿಲು ಮುರಿದಿರಬೇಕು. ಒಳಗೆ ಹೋಗಿ ನೋಡಿದರೆ ಮುಂಬಾಗಿಲು ಗಟ್ಟಿಮುಟ್ಟಾಗಿತ್ತು, ಅರಿಶಿನ ಕುಂಕುಮ ಹಚ್ಚಿಸಿಕೊಂಡು ಗಂಭೀರವಾಗಿ ಬೀಗ ಹಾಕಿಕೊಂಡು ನಿಂತಿತ್ತು. ಹಗಲು ಹೊತ್ತು, ಮನೆಯಲ್ಲಿ ಜನ ಇದ್ದಾರೆ, ಆದರೂ ಬೀಗ. ನಮ್ಮ ಕಡೆಯ ಮಾತಿನಲ್ಲಿ ಬೀಗವೆಂದರೆ ಕೀಲಿ, ಕೀಲಿಕೈ ಎಂದರೆ ಒಮ್ಮೊಮ್ಮೆ ಬರೀ ಕೈ.

"ಯಾಕ ದೊಡ್ಡವ್ವ, ಹಗಲಾಗ ಕೀಲಿ?"

"ಆಕಿ ಬಂದ್ರ ತಗದಕೊಂಡು ಬರಬೇಕಲ್ಲ" ಎಂದಳು ದೊಡ್ಡವ್ವ, ಇದಕ್ಕಿಂತ ಸರಳವಾದ ವಿಷಯ ಇನ್ನೊಂದಿಲ್ಲ ಎಂಬಂತೆ.

ಆಕಿ ಎಂದರೆ ರತ್ನಕ್ಕ, ದೊಡ್ಡವ್ವನ ಒಬ್ಬಳೇ ಮಗಳು. ಕೂಡ್ಲಿಗಿ ಕಡೆಯ ಒಂದು ಹಳ್ಳಿಯಲ್ಲಿ ಟೀಚರ್ ಆಗಿದ್ದಳು. ದಿನಾ ಬಸ್ಸಿನಲ್ಲಿ ಹೋಗಿ ಬರುವವಳು. ಸಂಜೆ ಬಸ್ಸು ಯಾವಾಗ ಬರುತ್ತದೋ ಬಸ್ಸಿಗೇ ಗೊತ್ತಿರುತ್ತಿರಲಿಲ್ಲವಾದ್ದರಿಂದ ಮನೆಯ ಜೋಡಿ ಕೀಲಿಕೈಗಳಲ್ಲಿ ಒಂದು ಅವಳ ಕೈಚೀಲದಲ್ಲಿ, ಇನ್ನೊಂದು ದೊಡ್ಡವ್ವನ ಸೊಂಟದಲ್ಲಿ ಇರುತ್ತಿದ್ದವು. ನಾನು ಬರುವ ಹಿಂದಿನ ವರ್ಷ ರತ್ನಕ್ಕ ತನ್ನ ಶಾಲೆಯ ಮಾಸ್ತರರೊಬ್ಬರನ್ನು ಮದುವೆಯಾಗುತ್ತೇನೆ ಎಂದಳು. ಹುಡುಗ ಒಳ್ಳೆಯವನು, ಸಂಬಳವಿದೆ, ಆದರೆ ನಮ್ಮ ಪೈಕಿಯವನಲ್ಲ. ದೊಡ್ಡಪ್ಪ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟವರು. ಎಂಥ ಗಿರಾಕಿಯ ಜೊತೆಯೂ ದನಿ ಏರಿಸಿದವರಲ್ಲ. ಅಂದು ಪಡಸಾಲೆಯಲ್ಲಿ ನಿಂತು ಏರಿಸಿದರಂತೆ.

"ಹಂಗಾರ ಈ ಮನಿ ಹೊಸ್ತಿಲ ತುಳಿಬ್ಯಾಡ."

ಅಪ್ಪನ ಮಗಳಲ್ಲವೇ, ರತ್ನಕ್ಕ ಚೀಲ ಹೆಗಲಿಗೆ ಹಾಕಿಕೊಂಡು ಹೇಳಿದಳಂತೆ, "ಆತು. ಇನ್ನ ಈ ಬಾಗ್ಲ ನಾ ಬಡಿಯಾಕಿ ಅಲ್ಲ."

ಹೋದಳು. ಮದುವೆಯಾದಳು. ಇಬ್ಬರೂ ಹಡಗಲಿ ತಾಲ್ಲೂಕಿನ ಮಾಗಳಕ್ಕೆ ವರ್ಗ ಮಾಡಿಸಿಕೊಂಡರು.

ಬೇರೆ ತಾಯಿಯಾಗಿದ್ದರೆ ಅಳುತ್ತಿದ್ದಳು, ಇಲ್ಲ ಗಂಡನನ್ನು ಬೈಯುತ್ತಿದ್ದಳು. ನಮ್ಮ ದೊಡ್ಡವ್ವ ಅದೆರಡನ್ನೂ ಬಿಟ್ಟು ಆಡಿದ ಮಾತುಗಳನ್ನು ಅಕ್ಕಿ ಆರಿಸಿದಂತೆ ಒಂದೊಂದಾಗಿ ಆರಿಸಲು ಕೂತಳು. ದೊಡ್ಡಪ್ಪ ಹೇಳಿದ್ದೇನು? ಹೊಸ್ತಿಲು ತುಳಿಯಬೇಡ. ಅದರಲ್ಲಿ ತಪ್ಪೇನು? ಹೊಸ್ತಿಲು ಲಕ್ಷ್ಮಿ ಇರುವ ಜಾಗ, ಅದನ್ನು ಯಾರೂ ತುಳಿಯಬಾರದು. "ಹೆಣ್ಣಮಕ್ಳು ಹೊಸ್ತಿಲ ದಾಟತಾರ, ತುಳಿಯಾದಿಲ್ಲ. ಆಕಿಗೆ ಸಣ್ಣಾಕಿದ್ದಾಗಿಂದ ನಾನ ಕಲಿಸೀನಿ." ಸರಿ, ಒಂದು ಅಡ್ಡಿ ಕಳೆಯಿತು. ಮಗಳು ಹೇಳಿದ್ದೇನು? "ಬರಾದಿಲ್ಲ ಅಂದಾಳೇನು? ಬಡಿಯಾಕಿ ಅಲ್ಲ ಅಂದಾಳ. ಯಾಕ ಬಡಿಬೇಕು? ಕೀಲಿಕೈ ಆಕಿ ಚೀಲದಾಗ ಐತಿ."

ಅಲ್ಲಿಗೆ ಮುಗಿಯಿತು. ದೊಡ್ಡವ್ವನ ಪ್ರಕಾರ ಮಗಳು ಬರುವುದಕ್ಕೆ ಇದ್ದ ಅಡ್ಡಿ ಒಂದೇ: ಬಂದಾಗ ಆ ಕೀಲಿಕೈ ತಿರುಗಬೇಕು, ಬಾಗಿಲು ತೆರೆಯಬೇಕು. ಯಾರನ್ನೂ ಕರೆಯದೆ, ಯಾರ ಅಪ್ಪಣೆಯನ್ನೂ ಕೇಳದೆ ಅವಳು ತನ್ನ ಮನೆಗೆ ತಾನೇ ಬರಬೇಕು. ಅಷ್ಟನ್ನು ನೋಡಿಕೊಳ್ಳುವುದು ತನ್ನ ಕೆಲಸ. ಉಳಿದದ್ದು ಅವಳಿಗೆ ಬಿಟ್ಟದ್ದು.

ಬಾಗಿಲು ಬಡಿಯುವುದನ್ನು ಯಾಕೆ ನಿಲ್ಲಿಸಿದ್ದಳು ಎನ್ನುವುದು ನನಗೆ ಸ್ವಲ್ಪ ದಿನಗಳ ಮೇಲೆ ತಿಳಿಯಿತು. ರತ್ನಕ್ಕ ಬಡಿಯುವವಳಲ್ಲ. ಅಂದಮೇಲೆ ಬಡಿದವರೆಲ್ಲ ರತ್ನಕ್ಕ ಅಲ್ಲ. ಪ್ರತಿ ಸಲ ಬಾಗಿಲು ಸದ್ದಾದಾಗಲೂ ಯಾರೋ ಬಂದು, ಅವಳು ಬಂದಿಲ್ಲ ಎಂದು ಹೇಳಿ ಹೋದಂತಾಗುತ್ತಿತ್ತು. ಅದನ್ನು ಯಾವ ತಾಯಿ ದಿನಾ ಕೇಳಿಸಿಕೊಳ್ಳುತ್ತಾಳೆ? ಹಾಲಿನವಳು, ಅಂಚೆಯವನು, ಭಿಕ್ಷೆಯವನು, ಎಲ್ಲರಿಗೂ ಹಿತ್ತಲೇ ಗತಿಯಾಯಿತು. ನಮ್ಮ ಎಮ್ಮೆಗೆ ಊರಿನ ಅರ್ಧ ಜನರ ಪರಿಚಯವಾಯಿತು.

ದೊಡ್ಡಪ್ಪನಿಗೆ ಇದರಿಂದ ಒದಗಿದ ಫಜೀತಿ ಅಷ್ಟಿಷ್ಟಲ್ಲ. ಅವರು ಅಂಗಡಿಗೆ ಎರಡು ಬೀಗ, ಒಂದು ಅಡ್ಡಪಟ್ಟಿ ಹಾಕಿ, ಮೂರು ಸಲ ಜಗ್ಗಿ ನೋಡಿ, ಬಜಾರಿನ ತುದಿಯವರೆಗೆ ಹೋಗಿ ಮತ್ತೆ ವಾಪಸ್ಸು ಬಂದು ಇನ್ನೊಂದು ಸಲ ಜಗ್ಗುವ ಮನುಷ್ಯ. ಮನೆಗೆ ಬಂದರೆ ಮುಂಬಾಗಿಲಿಗೆ ಚಿಲಕ ಹಾಕುವಂತಿಲ್ಲ. ಒಳಗೆ ಚಿಲಕ ಹಾಕಿದರೆ ಹೊರಗಿನಿಂದ ಕೀಲಿಕೈ ತಿರುಗಿಸಿ ಪ್ರಯೋಜನವೇನು? ಇವರು ಹಾಕುವುದು, ಅವಳು ತೆಗೆಯುವುದು, ಹೀಗೆ ಎಷ್ಟೋ ದಿನ ನಡೆದು, ಕೊನೆಗೆ ದೊಡ್ಡವ್ವ ಬಡಿಗನನ್ನು ಕರೆಸಿ ಚಿಲಕವನ್ನೇ ಕೀಳಿಸಿಬಿಟ್ಟಳು.

"ಕಳ್ಳ ಬಂದ್ರ ಏನ ಮಾಡ್ತಿ?" ಎಂದರು ದೊಡ್ಡಪ್ಪ.

"ಕಳ್ಳನ ತಾವ ನಮ್ಮ ಕೀಲಿಕೈ ಎಲ್ಲೈತ್ರಿ?"

ದೊಡ್ಡಪ್ಪ ಎದ್ದು ಕೈಕಾಲು ತೊಳೆಯಲು ಹೋದರು. ಮಗಳ ಹೆಸರು ಅವರ ಬಾಯಲ್ಲಿ ಬರುತ್ತಿರಲಿಲ್ಲ. ಹಾಗಂತ ಚಿಲಕವನ್ನು ಮತ್ತೆ ಹಾಕಿಸಲೂ ಇಲ್ಲ.

ಕೊಟ್ಟೂರಿನ ಮಧ್ಯಾಹ್ನಗಳ ಬಗ್ಗೆ ಎರಡು ಮಾತು ಹೇಳದೆ ಮುಂದಿನದು ತಿಳಿಯುವುದಿಲ್ಲ. ಹೊಸಪೇಟೆಯಿಂದ ಬರುವ ರೈಲುಗಾಡಿ ನಮ್ಮೂರಿಗೆ ಬಂದು ಮುಗಿದುಹೋಗುತ್ತಿತ್ತು. ಮುಂದೆ ಹಳಿಯೇ ಇಲ್ಲ. ಬಂದ ಗಾಡಿ ಒಂದು ಸಲ ಉಸಿರು ಬಿಟ್ಟು ಅಲ್ಲೇ ನಿದ್ದೆ ಹೋದಂತೆ ನಿಂತುಬಿಡುತ್ತಿತ್ತು. ಗಾಡಿ ಮಲಗಿದ ಮೇಲೆ ಊರೂ ಮಲಗುತ್ತಿತ್ತು. ಎಣ್ಣೆ ಗಿರಣಿಯ ಕಡೆಯಿಂದ ಶೇಂಗಾ ಸಿಪ್ಪೆಯ ಹೊಟ್ಟು ಗಾಳಿಯಲ್ಲಿ ತೇಲಿ ಬಂದು ಅಂಗಳದಲ್ಲಿ ಮೆಲ್ಲಗೆ ಇಳಿಯುತ್ತಿತ್ತು. ನನಗೆ ಬೆಳಗಿನ ಪಾಳಿ. ನಸುಕಿನಲ್ಲೇ ಹೋಗಿ ಕಿವಿಗೆ ಕರಿ ಡಬ್ಬಿ ಸಿಕ್ಕಿಸಿಕೊಂಡು "ಹಲೋ, ಕೊಟ್ಟೂರು" ಎಂದು ಕೂತರೆ, ಮನೆಗೆ ಬರುವ ಹೊತ್ತಿಗೆ ಊರವರ ಮಾತೆಲ್ಲ ತಲೆಯೊಳಗೆ ಗುಂಯ್‌ಗುಡುತ್ತಿತ್ತು. ಉಂಡು ಪಡಸಾಲೆಯಲ್ಲಿ ಚಾಪೆ ಹಾಸಿ ಒರಗಿದರೆ ಅರ್ಧ ನಿದ್ದೆ, ಅರ್ಧ ಎಚ್ಚರ. ದೊಡ್ಡವ್ವನ ಬೀಗದ ವೃತ್ತಾಂತವನ್ನು ನಾನು ಬಹುಪಾಲು ನೋಡಿದ್ದು ಈ ಸ್ಥಿತಿಯಲ್ಲಿ. ಇದರಲ್ಲಿ ನಡೆದದ್ದೆಷ್ಟು, ಕನಸಿನಲ್ಲಿ ಸೇರಿಕೊಂಡದ್ದೆಷ್ಟು ಎಂದು ಕೇಳಿದರೆ ನಾನು ಪ್ರಮಾಣ ಮಾಡಲಾರೆ.

ಆ ಬೀಗ ದೊಡ್ಡಪ್ಪನ ಅಪ್ಪನ ಕಾಲದ್ದು. ಬಾಗಿಲ ಮರದೊಳಗೇ ಕೂರಿಸಿದ್ದು. ಹೊರಗೂ ಒಳಗೂ ಒಂದೇ ತೂತು, ಎರಡು ಕಡೆಯಿಂದಲೂ ಒಂದೇ ಕೈ. ನಾನು ಬಂದ ವರ್ಷವೇ ಅದು ಜೀವ ಬಿಟ್ಟಿತು. ಎಣ್ಣೆ ಬಿಟ್ಟರೂ ಇಲ್ಲ, ಬೇಡಿಕೊಂಡರೂ ಇಲ್ಲ. ದೊಡ್ಡಪ್ಪನಿಗೆ ಒಳಗೊಳಗೇ ಹಿಗ್ಗು. ಮಾರನೆಯ ದಿನವೇ ಅಂಗಡಿಯ ಮಾಲು ತರಲು ದಾವಣಗೆರೆಗೆ ಹೋದವರು ಅದೇ ಅಳತೆಯ ಹೊಸ ಬೀಗ ತಂದರು.

"ಅಲಿಗಡದ ಮಾಲು. ಆನಿ ಬಂದು ಜಗ್ಗಿದ್ರೂ ಬಿಚ್ಚಂಗಿಲ್ಲ. ಮೂರು ಕೀಲಿಕೈ ಕೊಟ್ಟಾರ ನೋಡು."

ದೊಡ್ಡವ್ವ ಆ ಮೂರನ್ನೂ ಮುಟ್ಟಲಿಲ್ಲ. ಸೊಂಟದ ಹಳೆಯ ಕೀಲಿಕೈ ತೆಗೆದು ಹೊಸ ಬೀಗದ ತೂತಿಗೆ ಇಟ್ಟಳು. ಒಳಗೆ ಹೋಯಿತು, ತಿರುಗಲಿಲ್ಲ.

"ಚಲೋ ಐತಿ" ಎಂದಳು. "ನಮ್ಮ ಕೈಗೆ ಹೊಂದಿಸಿಕೊಂಡು ಬರ್ತೀನಿ."

ಹೋಗುವುದು ಎಲ್ಲಿಗೆ? ಹಗರಿಬೊಮ್ಮನಹಳ್ಳಿ ಸಂತೆಗೆ. ಅಲ್ಲಿ ಹುಣಸೆಮರದ ಕೆಳಗೆ ಮಾಬಣ್ಣ ಎಂಬುವನು ಗೋಣಿತಟ್ಟು ಹಾಸಿ ಕೂರುತ್ತಿದ್ದ. ಛತ್ರಿ, ಬ್ಯಾಟರಿ, ಬೀಗ ಈ ಮೂರರ ರಿಪೇರಿ. ಕೈಗಿಂತ ಬಾಯಿ ಚುರುಕು. ಅಂದು ನನಗೆ ರಜೆ, ದೊಡ್ಡವ್ವನ ಜೊತೆ ಗಾಡಿ ಹತ್ತಿದೆ. ಬೀಗವನ್ನು ಅವಳು ಕೂಸಿನಂತೆ ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದಳು. ಎದುರಿಗೆ ಕೂತ ಹೆಂಗಸು ಬಹಳ ಹೊತ್ತು ನೋಡಿ, "ಎಷ್ಟ ತಿಂಗಳದ್ದವಾ?" ಎಂದು ಕೇಳಿಯೇಬಿಟ್ಟಳು. "ನಿನ್ನಿ ಬಂದೈತಿ" ಎಂದಳು ದೊಡ್ಡವ್ವ.

ಮಾಬಣ್ಣನಿಗೆ ವಿಷಯ ತಿಳಿಸುವುದರೊಳಗೆ ಸಾಕುಸಾಕಾಯಿತು.

"ಅಮ್ಮಾ, ಉಲ್ಟಾ ಹೇಳಾಕತ್ತೀರಿ. ಕೀಲಿ ಕೊಡ್ರಿ, ಅದಕ್ಕ ಕೈ ಮಾಡಿಕೊಡ್ತೀನಿ."

"ಕೈ ಐತಪ್ಪಾ. ಅದಕ್ಕ ಕೀಲಿ ಬೇಕು."

"ಕೀಲಿನೂ ಐತಲ್ರಿ ನಿಮ್ಮ ತೊಡಿಮ್ಯಾಲ."

"ಎರಡೂ ಅದಾವು. ಒಂದಕ್ಕೊಂದು ಪರಿಚಯ ಇಲ್ಲ. ನೀ ಮಾಡಿಸು."

ಮಾಬಣ್ಣ ನನ್ನ ಕಡೆ ತಿರುಗಿ ಕಣ್ಣಿನಲ್ಲೇ ಒಂದು ಪ್ರಶ್ನೆ ಕೇಳಿದ. ನಾನು ಕಣ್ಣಿನಲ್ಲೇ ಇಲ್ಲ ಎಂದೆ. ಆಮೇಲೆ ಅವನು ಬೀಗದ ಹೊಟ್ಟೆ ಬಿಚ್ಚಿ, ಒಳಗಿನ ತಗಡಿನ ಪಟ್ಟಿಗಳನ್ನು ಒಂದೊಂದಾಗಿ ತೆಗೆದು, ಹಳೆಯ ಕೀಲಿಕೈಯ ಹಲ್ಲಿಗೆ ಸರಿಯಾಗಿ ಅರದಿಂದ ಉಜ್ಜತೊಡಗಿದ. ಉಜ್ಜುತ್ತಾ ತನ್ನ ಪೌರುಷ ಹೇಳಿದ. ಹೇಳುತ್ತಾ ಉಜ್ಜಿದ. ಆ ಉಜ್ಜುವ ಸದ್ದಿಗೆ ನನಗೆ ಜೊಂಪು ಹತ್ತಿ, ಎದ್ದಾಗ ದೊಡ್ಡವ್ವ ಬೀಗವನ್ನು ತೆರೆದು, ಹಾಕಿ, ತೆರೆದು, ಹಾಕಿ ಮಾಡುತ್ತಿದ್ದಳು. ಅವಳ ಮುಖ ಅಷ್ಟು ಎಳೆಯದಾಗಿ ಕಂಡದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಇತ್ತ ಕೊಟ್ಟೂರಿನಲ್ಲಿ ಬೀಗ ಕಿತ್ತ ಬಾಗಿಲಿನಲ್ಲಿ ಮುಷ್ಟಿಗಾತ್ರದ ತೂತು ಬಿದ್ದಿತ್ತು. ದೊಡ್ಡಪ್ಪ ಊಟಕ್ಕೆ ಬಂದು ಕೂತರೆ ತೂತಿನಲ್ಲಿ ಒಂದು ಕಣ್ಣು. ಅವರು ಹಳೆಯ ರುಮಾಲು ತುರುಕಿದರು. ಹೊರಗಿನಿಂದ ಯಾರೋ ರುಮಾಲು ಎಳೆದುಕೊಂಡು, "ಯಜಮಾನ್ರ, ಅಂಗಡಿ ಯಾವಾಗ ತಗಿತೀರಿ?" ಎಂದು ತೂತಿನಲ್ಲೇ ಕೇಳಿದರಂತೆ. ಇದೇ ಸಲೀಸಾಯಿತೆಂದು ಅಂಚೆಯವನು ಕಾಗದವನ್ನು ಸುರುಳಿ ಮಾಡಿ ತೂತಿನಲ್ಲಿ ತೂರಿಸಿ ಹೋದ, ಅದು ದೊಡ್ಡಪ್ಪನ ಸಾರಿನ ಬಟ್ಟಲಿಗೆ ಬಿತ್ತು. ನಾವು ಬರುವ ಹೊತ್ತಿಗೆ ಅವರು ತೂತಿಗೆ ಬೆನ್ನು ಕೊಟ್ಟು ಕೂತಿದ್ದರು.

ಬೀಗ ಕೂರಿಸಿದ ಮೇಲೆ ಒಂದು ವಾರ ಎಲ್ಲ ಸುಖವಾಗಿತ್ತು. ಆಮೇಲೊಂದು ಮಧ್ಯಾಹ್ನ ಕೀಲಿಕೈ ತಿರುಗಿದ ಸದ್ದಾಯಿತು. ದೊಡ್ಡವ್ವ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಬಾಗಿಲು ತೆರೆಯಿತು. ಬಂದವಳು ಎದುರು ಮನೆಯ ಗಂಗಮ್ಮ, ಒಂದು ಬಟ್ಟಲು ಹಿಡಿದುಕೊಂಡು.

"ಬಡಿಬ್ಯಾಡ ಅಂತೀ. ಹಿತ್ತಲಕ್ಕ ಸುತ್ತಾಕ ಮೊಣಕಾಲು ಬಿಡಂಗಿಲ್ಲ. ಅದಕ್ಕ ನಮ್ಮ ಟ್ರಂಕಿನ ಕೈ ಹಾಕಿ ನೋಡಿದೆ, ಬಂತು. ಒಂದೀಟು ಹೆಪ್ಪು ಕೊಡವಾ."

ವಿಚಾರಣೆ ಮಾಡಿದಾಗ ತಿಳಿದದ್ದು ಇದು. ಮಾಬಣ್ಣ ಮಾತಿನ ಭರದಲ್ಲಿ ಪಟ್ಟಿಗಳನ್ನು ಎಷ್ಟು ಉಜ್ಜಿದ್ದನೆಂದರೆ ಆ ಬೀಗ ಯಾರಿಗೂ ಇಲ್ಲ ಎನ್ನುತ್ತಿರಲಿಲ್ಲ. ಗಂಗಮ್ಮನ ಟ್ರಂಕಿನ ಕೈಗೆ ತೆರೆಯಿತು. ಅಂಗಡಿಯ ಕೈಗೆ ತೆರೆಯಿತು. ನನ್ನ ಜಡೆಯ ಪಿನ್ನಿಗೆ ತೆರೆಯಿತು. ದೊಡ್ಡಪ್ಪ ಸಿಟ್ಟಿನಿಂದ ಸೌಟಿನ ಹಿಡಿ ತೂರಿಸಿದರು, ಅದಕ್ಕೂ ತೆರೆಯಿತು.

"ಆನಿ ಜಗ್ಗಿದ್ರೂ ಬಿಚ್ಚಂಗಿಲ್ಲ ಅಂದಿದ್ರಲ್ರಿ" ಎಂದೆ.

"ಆನಿ ಬ್ಯಾಡವಾ, ಇರಿವಿ ನೂಕಿದ್ರ ಬಿಚ್ಚತೈತಿ ಈಗ" ಎಂದರು ದೊಡ್ಡಪ್ಪ, ಸೌಟು ಹಿಡಿದುಕೊಂಡೇ.

ನಾನು ಅಂದುಕೊಂಡೆ, ದೊಡ್ಡವ್ವನಿಗೇನು ನಷ್ಟ? ರತ್ನಕ್ಕನ ಕೈಗೂ ತೆರೆಯುತ್ತದಲ್ಲ. ಆದರೆ ಅವಳು ಗೋಡೆಗೆ ಒರಗಿ ಕೂತವಳು ಬಹಳ ಹೊತ್ತು ಏಳಲಿಲ್ಲ. "ಅದ ಸದ್ದು ನೋಡವಾ" ಎಂದಳು. "ಅದ ಸದ್ದು ಬಂತು. ಬಂದಾಕಿ ಗಂಗಮ್ಮ." ಮುಂದಿನ ಸಂತೆಗೆ ಮತ್ತೆ ಬೀಗ ಕಿತ್ತುಕೊಂಡು ಹೋದಳು. ಈ ಸಲ ಮಾಬಣ್ಣನಿಗೆ ಮಾತಾಡಕೂಡದೆಂದು ಕಟ್ಟಪ್ಪಣೆ. ಹೊಸ ಪಟ್ಟಿ ಹಾಕಿ, ಆ ಒಂದೇ ಕೈಗೆ ತೆರೆದು ಬೇರೆ ಯಾವುದಕ್ಕೂ ತೆರೆಯದಂತೆ ಮಾಡಿಸಿಕೊಂಡು ಬಂದಳು. ಮಾತಿಲ್ಲದೆ ಕೆಲಸ ಮಾಡಿದ್ದರಿಂದ ಮಾಬಣ್ಣನಿಗೆ ಅಂದು ತಲೆನೋವು ಬಂತಂತೆ.

ಬೀಗ ಸರಿಯಾಯಿತೇನೋ ನಿಜ. ಸರಿಯಾಗಿಯೇ ಇದೆ ಎಂದು ತಿಳಿಯುವುದು ಹೇಗೆ? ಇಲ್ಲಿಂದ ಮುಂದಿನದನ್ನು ನಾನು ಚಾಪೆಯ ಮೇಲೆ ಮಲಗಿಯೇ ನೋಡಿದ್ದು.

ಊರು ಮಲಗಿದ ಮೇಲೆ ದೊಡ್ಡವ್ವ ತಲೆ ಬಾಚಿಕೊಳ್ಳುತ್ತಿದ್ದಳು. ಹಳೆಯ ಕೈಚೀಲವೊಂದನ್ನು ಹೆಗಲಿಗೆ ಹಾಕಿಕೊಂಡು ಹಿತ್ತಲಿನಿಂದ ಹೊರಗೆ ಹೋಗುತ್ತಿದ್ದಳು. ಸಂದಿ ದಾಟಿ ಬೀದಿಯ ಮೂಲೆಯವರೆಗೆ ಹೋಗಿ, ಅಲ್ಲಿಂದ ಬಸ್ಸಿಳಿದು ಬರುವವಳಂತೆ ವಾಪಸ್ಸು ಬರುತ್ತಿದ್ದಳು. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ಚೀಲದಲ್ಲಿ ಕೈಯಾಡಿಸಿದ ಸದ್ದು. ಕೀಲಿಕೈ ಒಳಗೆ ಹೋಗಿ ಮೆಲ್ಲಗೆ ತಿರುಗಿದ ಸದ್ದು. ಬಾಗಿಲು ತೆರೆದು ಒಂದು ಪಟ್ಟಿ ಬಿಸಿಲು ಪಡಸಾಲೆಗೆ ಬಂದು ನನ್ನ ಕಾಲ ಮೇಲೆ ಮಲಗುತ್ತಿತ್ತು. ಅದರ ಹಿಂದೆ ಎರಡು ಶೇಂಗಾ ಹೊಟ್ಟು ತೇಲುತ್ತಾ ಒಳಗೆ ಬರುತ್ತಿದ್ದವು. ದೊಡ್ಡವ್ವ ಹೊಸ್ತಿಲು ತುಳಿಯದೆ ದಾಟುತ್ತಿದ್ದಳು. ದಾಟಿದ ಮೇಲೆ ಅವಳು ಮಗಳಲ್ಲ, ತಾಯಿ. ಮೆಲುದನಿಯಲ್ಲಿ ಹೇಳುತ್ತಿದ್ದಳು, "ಬಂದ್ಯಾ. ಕೈಕಾಲ ತೊಳಕೋ, ಉಣ್ಣಾಕ ನೀಡ್ತೀನಿ." ಒಮ್ಮೊಮ್ಮೆ ಆ ಮಾತು ಸರಿಬೀಳದೆ ತಿದ್ದಿಕೊಳ್ಳುತ್ತಿದ್ದಳು. "ಯಾವಾಗ ಬಂದಿ" ಎಂದರೆ ಯಾವಾಗ ಹೋಗುತ್ತಿ ಎಂದಂತಾದೀತು, ಬೇಡ. "ಸೊರಗೀ ಅಲ್ಲ" ಎಂದರೆ ಗಂಡನ ಮನೆಯನ್ನು ಬೈದಂತಾದೀತು, ಅದೂ ಬೇಡ.

ದಿನಾ ಇದೇ ಆಟ. ಬೇರೆಯವರು ಮಧ್ಯಾಹ್ನ ನಿದ್ದೆ ಮಾಡುತ್ತಿದ್ದರು, ದೊಡ್ಡವ್ವ ತವರಿಗೆ ಬರುತ್ತಿದ್ದಳು. ನನಗೋ ಅದು ಜೋಗುಳದಂತೆ ರೂಢಿಯಾಗಿ, ಆ ಸದ್ದಿಲ್ಲದೆ ನಿದ್ದೆಯೇ ಹತ್ತದಾಯಿತು. ಒಂದು ದಿನ ಅವಳು "ಬಂದ್ಯಾ" ಎಂದಾಗ, ಕನಸಿನಲ್ಲಿದ್ದೆನೋ ಏನೋ, ನಾನು ಚಾಪೆಯಿಂದಲೇ "ಬಂದ್ನೆಬೇ ಯವ್ವಾ" ಎಂದುಬಿಟ್ಟೆ. ದೊಡ್ಡವ್ವ ಹಾಗೇ ನಿಂತಳು. ಆಮೇಲೆ ಹತ್ತಿರ ಬಂದು ನನ್ನ ಹೊದಿಕೆ ಸರಿಮಾಡಿದಳು.

"ಸುಮ್ಕ ಮಕ್ಕೋ. ಆಕಿ ದನಿ ನಿನ್ನಂಗ ಗೊಗ್ಗರ ಇಲ್ಲ."

ಹೀಗೆ ವರ್ಷಗಳು ಕಳೆದವು. ನನಗೆ ಮದುವೆ ನಿಶ್ಚಯವಾಯಿತು, ಮುಂದಕ್ಕೆ ಹೋಯಿತು. ದೊಡ್ಡಪ್ಪನ ಕನ್ನಡಕ ದಪ್ಪವಾಯಿತು. ಬೀಗ ಒಮ್ಮೊಮ್ಮೆ ಹಟ ಮಾಡುತ್ತಿತ್ತು, ಆಗೆಲ್ಲ ದೊಡ್ಡವ್ವ ಗಾಡಿ ಹತ್ತುತ್ತಿದ್ದಳು. ಮಾಬಣ್ಣ ಕೀಲಿಕೈಯನ್ನು ಬೆಳಕಿಗೆ ಹಿಡಿದು ನೋಡಿ ಹೇಳುತ್ತಿದ್ದ, "ಅಮ್ಮಾ, ಕೈ ಸವದೈತ್ರಿ. ದಿನಾ ಎಷ್ಟ ಸಲ ತಿರುವತೀರೋ ಏನೋ. ಚಿಂತಿ ಮಾಡಬ್ಯಾಡ್ರಿ, ಒಳಗಿನ ಪಟ್ಟಿ ಇದಕ್ಕ ಹೊಂದಿಸ್ತೀನಿ." ಹೊಂದಿಸುತ್ತಿದ್ದ. ಕೀಲಿಕೈ ಕೂದಲೆಳೆಯಷ್ಟು ಸವೆಯುವುದು, ಬೀಗ ಕೂದಲೆಳೆಯಷ್ಟು ಅದರ ಕಡೆಗೆ ಸರಿಯುವುದು. ಇದರಲ್ಲಿ ಏನೋ ಎಡವಟ್ಟಿದೆ ಎಂದು ನಮ್ಮಲ್ಲಿ ಒಬ್ಬರಿಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ದಿನಾ ಬಾಗಿಲು ತೆರೆಯುತ್ತಿತ್ತಲ್ಲ, ನಮಗೆ ಅಷ್ಟೇ ಸಾಕಾಗಿತ್ತು.

ಮಾಬಣ್ಣನಿಗೆ ಒಂದೇ ಸಂತೆಯೇ? ಇವತ್ತು ಹಗರಿಬೊಮ್ಮನಹಳ್ಳಿ, ಇನ್ನೊಂದು ದಿನ ಹರಪನಹಳ್ಳಿ, ಮತ್ತೊಂದು ದಿನ ಹಡಗಲಿ. ಹೋದಲ್ಲೆಲ್ಲ ಅವನಿಗೆ ಹೇಳಲು ಒಂದು ಕಥೆ ಬೇಕು. ನಮ್ಮ ದೊಡ್ಡವ್ವನ ಕಥೆಗಿಂತ ಒಳ್ಳೆಯದು ಯಾವ ಊರಿನಲ್ಲೂ ಅವನಿಗೆ ಸಿಕ್ಕಿರಲಿಲ್ಲ. ಹಡಗಲಿ ಸಂತೆಯಲ್ಲಿ ಒಬ್ಬ ಟೀಚರಮ್ಮನ ಛತ್ರಿಗೆ ಕಡ್ಡಿ ಹಾಕುತ್ತಾ ಶುರುಮಾಡಿದನಂತೆ. "ಕೊಟ್ಟೂರಾಗ ಒಬ್ಬಾಕಿ ಅದಾಳ್ರಿ, ಜರಾ ತಲಿಕೆಟ್ಟಾಕಿ. ಒಂದ ಕೀಲಿಕೈ ಇಟಕೊಂಡು ಅದಕ್ಕ ಕೀಲಿ ಮಾಡಿಸ್ತಾಳ. ಮನ್ಯಾಗ ಇದ್ರೂ ಹಗಲೆಲ್ಲಾ ಕೀಲಿ. ಯಾರೂ ಬಾಗ್ಲ ಬಡಿಯಂಗಿಲ್ಲ. ಮಗಳು ಬರ್ತಾಳಂತ, ಆಕಿ ತಾವ ಇನ್ನೊಂದು ಕೈ ಐತಂತ, ಆಕಿ ತನ್ನಷ್ಟಕ್ಕ ತಗದು ಬರಬೇಕಂತ." ಕಥೆ ಮುಗಿಸಿ, ನಗುವುದಕ್ಕೆ ತಲೆಯೆತ್ತಿದರೆ ಟೀಚರಮ್ಮ ಇರಲಿಲ್ಲ. ಛತ್ರಿ ಅವನ ಕೈಯಲ್ಲೇ ಉಳಿದಿತ್ತು. ಇದನ್ನು ರತ್ನಕ್ಕನೇ ಆಮೇಲೆ ನನಗೆ ಹೇಳಿದಳು.

ಬೇಸಿಗೆಯ ರಜೆ ಶುರುವಾಗಿತ್ತು. ಆವತ್ತು ದೊಡ್ಡಪ್ಪ ಊಟಕ್ಕೆ ಬಂದವರು ಒಳಮನೆಯಲ್ಲಿ ಅಡ್ಡಾಗಿದ್ದರು. ನಾನು ಚಾಪೆಯ ಮೇಲೆ ಇಳಿಯುತ್ತಿದ್ದೆ, ಇನ್ನೇನು ಮುಳುಗಬೇಕು, ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಚೀಲದಲ್ಲಿ ಕೈಯಾಡಿಸಿದ ಸದ್ದು. ಕೀಲಿಕೈ ತೂತಿನೊಳಗೆ ಹೋದ ಸದ್ದು. ಓಹೋ, ದೊಡ್ಡವ್ವ ಇವತ್ತು ಬೇಗ ಹೊರಟಳು ಎಂದುಕೊಂಡು ಮಗ್ಗುಲು ಬದಲಿಸಿದರೆ, ದೊಡ್ಡವ್ವ ನನ್ನ ಪಕ್ಕದಲ್ಲೇ ಕೂತು ಶೇಂಗಾ ಸುಲಿಯುತ್ತಿದ್ದಳು. ಅವಳ ಕೈ ಮೊರದ ಮೇಲೆ ನಿಂತುಹೋಗಿತ್ತು.

ಕೀಲಿಕೈ ತಿರುಗಲಿಲ್ಲ.

ಹೊರಗೆ ಅದನ್ನು ಸ್ವಲ್ಪ ಹಿಂದಕ್ಕೆ ಎಳೆದು ಮತ್ತೆ ಒತ್ತಿದರು. ಇಲ್ಲ. ಎಡಕ್ಕೆ ಬಲಕ್ಕೆ ಅಲುಗಿಸಿದರು. ಇಲ್ಲ. ನನಗೆ ಆಗ ಹೊಳೆಯಿತು. ರತ್ನಕ್ಕನ ಕೀಲಿಕೈ ಇಷ್ಟು ವರ್ಷ ಚೀಲದಲ್ಲಿ ಹೊಸದರಂತೆ ಮಲಗಿತ್ತು. ಸವೆದದ್ದು ದೊಡ್ಡವ್ವನದು, ಬೀಗ ಹೊಂದಿಕೊಂಡದ್ದೂ ಅದಕ್ಕೇ. ದಿನಾ ಅವಳು ಬಂದಂತೆ ಬಂದು ಬಂದು, ಅವಳು ಬರುವ ಬಾಗಿಲನ್ನೇ ದೊಡ್ಡವ್ವ ಮುಚ್ಚಿಬಿಟ್ಟಿದ್ದಳು.

ಅದು ದೊಡ್ಡವ್ವನಿಗೂ ಗೊತ್ತಾಯಿತು. ಸೊಂಟದಿಂದ ತನ್ನ ಕೀಲಿಕೈ ಎಳೆದುಕೊಂಡು ಎದ್ದು ಓಡಿ, ಒಳಗಿನಿಂದ ತೂತಿಗೆ ಇಟ್ಟಳು. ಹೋಗಲಿಲ್ಲ. ಹೊರಗಿನದು ಅಡ್ಡ ಕೂತಿತ್ತು. ಒಂದೇ ತೂತಿನಲ್ಲಿ ಎರಡು ಕೀಲಿಕೈಗಳು ಮೂತಿಗೆ ಮೂತಿ ತಾಗಿಸಿಕೊಂಡು ನಿಂತಿದ್ದವು. ದೊಡ್ಡವ್ವ ತನ್ನದನ್ನು ಹಿಂದಕ್ಕೆ ಎಳೆದುಕೊಂಡಳು.

ಹೊರಗೆ ಅಲುಗಾಟ ನಿಂತಿತು. ಬೀಗ ಬದಲಾಯಿಸಿದ್ದಾರೆ ಎಂದಲ್ಲದೆ ಅವಳಾದರೂ ಇನ್ನೇನು ತಿಳಿದುಕೊಳ್ಳಬೇಕು? ಮಾಬಣ್ಣನ ಮಾತನ್ನು ನಂಬಿ ಬಂದು ಮೋಸಹೋದೆ ಎಂದಿರಬೇಕು. ಅವಳು ಬಾಗಿಲು ಬಡಿಯಲಿಲ್ಲ. ಬಡಿಯುವವಳಲ್ಲ. ಕೀಲಿಕೈಯನ್ನು ತೂತಿನಲ್ಲೇ ಬಿಟ್ಟು ಚಪ್ಪಲಿಯ ಸದ್ದು ಒಂದು ಮೆಟ್ಟಿಲು ಇಳಿಯಿತು.

ಆಗ ದೊಡ್ಡವ್ವ ಎರಡೂ ಕೈಯೆತ್ತಿ, ಒಳಗಿನಿಂದ, ತನ್ನ ಮನೆಯ ಬಾಗಿಲನ್ನು ತಾನೇ ಬಡಿದಳು. ದಬದಬನೆ ಬಡಿದಳು. ಅಷ್ಟು ವರ್ಷಗಳಲ್ಲಿ ಆ ಬಾಗಿಲು ಅಂಥ ಸದ್ದು ಕೇಳಿರಲಿಲ್ಲ. ಹಿತ್ತಲಿನಲ್ಲಿ ಎಮ್ಮೆ ಎದ್ದು ನಿಂತಿತು.

ಹೊರಗೆ ಚಪ್ಪಲಿಯ ಸದ್ದು ನಿಂತಿತು. ಬಾಗಿಲು ಬಡಿದರೆ ಯಾರಾದರೂ ಕೇಳುವ ಮಾತನ್ನೇ ರತ್ನಕ್ಕ ಕೇಳಿದಳು. ದನಿ ನನ್ನದರಂತೆ ಗೊಗ್ಗರವಾಗಿಯೇ ಇತ್ತು, ಅತ್ತಿದ್ದಕ್ಕೋ ಏನೋ.

"ಯಾರು?"

"ನಾನವಾ" ಎಂದಳು ದೊಡ್ಡವ್ವ. "ನಿಮ್ಮವ್ವ. ನೀ ಬಡಿಯಾಕಿ ಅಲ್ಲಲ್ಲ, ಅದಕ್ಕ ನಾನ ಬಡಿಯಾಕತ್ತೀನಿ."

ಒಳಮನೆಯಿಂದ ದೊಡ್ಡಪ್ಪ ಎದ್ದು ಬಂದಿದ್ದರು, ಕನ್ನಡಕವಿಲ್ಲದೆ, ಪಂಚೆ ಹಿಡಿದುಕೊಂಡು. ಬಾಗಿಲಿಗೆ ಒಂದು ಮೊಳ ದೂರದಲ್ಲಿ ನಿಂತು ದೊಡ್ಡವ್ವನ ಕಿವಿಯ ಹತ್ತಿರ ಪಿಸುಗುಟ್ಟಿದರು.

"ನಾನೂ ಅದೀನಂತ ಹೇಳು."

"ನೀವ ಹೇಳ್ರಿ" ಎಂದಳು ದೊಡ್ಡವ್ವ, ಪಕ್ಕಕ್ಕೆ ಸರಿದು.

ದೊಡ್ಡಪ್ಪ ಹೇಳಲಿಲ್ಲ. ಬಾಗಿಲ ಹತ್ತಿರ ಬಂದು, ಬೆರಳು ಮಡಿಸಿ, ಪರಸ್ಥಳದಿಂದ ಬಂದವರು ಇನ್ನೊಬ್ಬರ ಮನೆಯ ಮುಂದೆ ನಿಂತು ಬಡಿಯುವ ಹಾಗೆ, ಮೆಲ್ಲಗೆ ಎರಡು ಸಲ ಬಡಿದರು.

ಹೊರಗೆ ಚಪ್ಪಲಿಯ ಸದ್ದು ಮತ್ತೆ ಮೆಟ್ಟಿಲು ಹತ್ತಿತು, ಅವ್ವನ ಕೀಲಿಕೈಗೆ ದಾರಿ ಬಿಟ್ಟು ರತ್ನಕ್ಕ ತನ್ನ ಕೀಲಿಕೈಯನ್ನು ತೂತಿನಿಂದ ಎಳೆದುಕೊಂಡ ಸದ್ದು ಕೇಳಿತು.